ಕವಿಗಳ ವಾಕಿಂಗ್

ಧಾರವಾಡದಲ್ಲಿ ಸಂಜೆ ಐದೂವರೆ ಆದರೆ ಸಾಕು, ಕರ್ನಾಟಕ ಕಾಲೇಜಿನ ಮೈದಾನಕ್ಕೆ ನಿವೃತ್ತರ ದಂಡು ಇಳಿಯುತ್ತದೆ. ಮಂಕಿ ಕ್ಯಾಪು, ಕ್ಯಾನ್ವಾಸ್ ಶೂ, ನಾಯಿ ಹೆದರಿಸಲು ಕೈಯಲ್ಲೊಂದು ಕೋಲು.

"ಎಷ್ಟ್ ರೌಂಡ್ ಆತ್ರಿ ಸರ?"

"ನಾಕ್ ಆತ್ ನೋಡ್ರಿ. ಇನ್ನೊಂದ್ ಹೊಡದ್ರ ಮುಗೀತು."

ಈ ಊರಲ್ಲಿ ಕಲ್ಲು ಎಸೆದರೆ ಕವಿಯ ಮನೆ ಮೇಲೇ ಬೀಳುತ್ತದೆ ಅಂತಾರೆ. ಹಾಗಾದರೆ ಸುತ್ತು ಹೊಡೆಯುವವರಲ್ಲಿ ನಾಲ್ಕೈದು ಜನ ಕವಿಗಳು ಇರಲೇಬೇಕು. ಕಿವಿಗೆ ಬೀಳುವುದು ಮಾತ್ರ ಶುಗರು, ಪೆನ್ಶನ್ನು, ಅಮೆರಿಕದ ಮೊಮ್ಮಗ.

ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಕವಿಗಳೂ ಹೀಗೇ ನಡೆದವರು. ಆದರೆ ಡಾಕ್ಟರು ಹೇಳಿದ್ದಕ್ಕಲ್ಲ. ವರ್ಡ್ಸ್‌ವರ್ತ್ ಜೀವಮಾನದಲ್ಲಿ ಒಂದೂಮುಕ್ಕಾಲು ಲಕ್ಷ ಮೈಲಿ ನಡೆದಿರಬೇಕು ಅಂತ ಅವನ ಗೆಳೆಯ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ. ಧಾರವಾಡದಿಂದ ಹುಬ್ಬಳ್ಳಿಗೆ ಹದಿನಾಲ್ಕು ಸಾವಿರ ಸಲ ನಡೆದ ಹಾಗಾಯಿತು. ಇಷ್ಟು ದುಡಿದ ಕಾಲುಗಳಿಗೆ ಮರ್ಯಾದೆಯೂ ಸಿಗಲಿಲ್ಲ. ಕಾಲಿನ ಅಂದಚಂದ ಬಲ್ಲ ಹೆಂಗಸರೆಲ್ಲ ಅವನ್ನು ಚೆನ್ನಾಗಿಲ್ಲ ಅಂದುಬಿಟ್ಟಿದ್ದರಂತೆ. ಅದನ್ನೂ ಬರೆದಿಟ್ಟವನು ಅದೇ ಗೆಳೆಯ!

ಇವರನ್ನು ಕಂಡಿದ್ದ ಪ್ರಬಂಧಕಾರ ಹ್ಯಾಜ್ಲಿಟ್ 1823ರಲ್ಲಿ ಇನ್ನೊಂದು ಮಜವಾದ ಸಂಗತಿ ಬರೆದಿದ್ದಾನೆ. ಕೋಲರಿಜ್‌ಗೆ ಪದ್ಯ ಕಟ್ಟಲು ಏರುಪೇರಿನ ನೆಲ ಬೇಕಿತ್ತು, ಇಲ್ಲವೇ ಪೊದೆಯ ಟೊಂಗೆ ಸರಿಸಿಕೊಂಡು ನುಗ್ಗಬೇಕಿತ್ತು. ವರ್ಡ್ಸ್‌ವರ್ತ್‌ಗೆ ನೆಟ್ಟಗಿನ ಗರಸಿನ ದಾರಿ ಸಾಕು, ಅಲ್ಲೇ ಹೋಗುವುದು, ಅಲ್ಲೇ ಬರುವುದು. ನಮ್ಮ ಮೈದಾನದವರೆಲ್ಲ ವರ್ಡ್ಸ್‌ವರ್ತ್ ಪಾರ್ಟಿ. ಕೋಲರಿಜ್‌ಗೆ ಹೇಳಿ ಮಾಡಿಸಿದ ಊರು ಹುಬ್ಬಳ್ಳಿ. ಕೇಬಲ್ಲಿಗೆ ಅಗೆದು ಬಿಟ್ಟ ಗುಂಡಿ, ಕಿತ್ತುಹೋದ ಫುಟ್‌ಪಾತು, ನಡುವೆ ಮಲಗಿದ ಎಮ್ಮೆ. ಒಂದೇ ಮಳೆಗಾಲಕ್ಕೆ ಒಂದು ಸಂಕಲನ ಮುಗಿಸುತ್ತಿದ್ದ.

ಬೈರನ್ನನದು ಬೇರೆ ಕಥೆ. ಹುಟ್ಟಿನಿಂದಲೇ ಒಂದು ಪಾದ ಊನ. ನಡಿಗೆ ಒಲಿಯಲಿಲ್ಲ, ಈಜು ಒಲಿಯಿತು. 1810ರಲ್ಲಿ ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ ಹೆಲೆಸ್ಪಾಂಟ್ ಜಲಸಂಧಿಯನ್ನು ಈಜಿ ದಾಟಿದ. ಅವನ ಗೆಳೆಯ ಶೆಲ್ಲಿಗೆ ಈಜು ಬರುತ್ತಿರಲಿಲ್ಲ, ದೋಣಿಯ ಹುಚ್ಚು ಮಾತ್ರ ಜಾಸ್ತಿ. 1822ರಲ್ಲಿ ಸಮುದ್ರದಲ್ಲೇ ಹೋದ. ಇನ್ನೂ ಮೂವತ್ತೂ ತುಂಬಿರಲಿಲ್ಲ.

ಕೀಟ್ಸ್ 1818ರ ಬೇಸಿಗೆಯಲ್ಲಿ ಸ್ಕಾಟ್ಲೆಂಡ್ ಸುತ್ತಿ, ಬೆನ್ ನೆವಿಸ್ ಬೆಟ್ಟ ಹತ್ತಿ, ಗಂಟಲು ಕೆಡಿಸಿಕೊಂಡು ಹಡಗಿನಲ್ಲಿ ವಾಪಸಾದ. ಆದರೂ ಬುದ್ಧಿ ಬರಲಿಲ್ಲ ನೋಡಿ. ಮರುವರ್ಷ ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನ ಹೊಲಗಳ ಕಡೆ ಅಡ್ಡಾಡಿ ಬಂದು ಶರತ್ಕಾಲದ ಮೇಲೊಂದು ಕವಿತೆ ಬರೆದ. ಅದಕ್ಕಿಂತ ತುಂಬಿದ ಕವಿತೆ ಆ ಕಾಲದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಆ 1819ರಲ್ಲೇ ನಮ್ಮ ಶಿಗ್ಗಾವಿ ಸೀಮೆಯ ಶಿಶುನಾಳದಲ್ಲಿ ಷರೀಫರು ಹುಟ್ಟಿದ್ದು. ಕೀಟ್ಸ್ ನಡೆಯುತ್ತಿದ್ದಾಗ ಇವರಿಗಿನ್ನೂ ನಡಿಗೆಯೇ ಬಂದಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಡ್ಯಾಫೊಡಿಲ್ ಹೂವಿನ ಸಂಗತಿ. ಆ ಹೂವನ್ನು ನಮ್ಮಲ್ಲಿ ಕಂಡವರು ಕಡಿಮೆ, ಪದ್ಯ ಬಾಯಿಪಾಠ ಮಾಡದವರು ಅದಕ್ಕಿಂತ ಕಡಿಮೆ. ಮೋಡದ ಹಾಗೆ ಒಬ್ಬನೇ ಅಲೆಯುತ್ತಿದ್ದೆ ಅಂತಾನೆ ಅದರಲ್ಲಿ ವರ್ಡ್ಸ್‌ವರ್ತ್. ಶುದ್ಧ ಸುಳ್ಳು. 1802ರ ಏಪ್ರಿಲ್ 15ರಂದು ತಂಗಿ ಡೊರೊಥಿ ಜತೆಗೇ ಇದ್ದಳು. ಡೈರಿಯಲ್ಲಿ ಎಲ್ಲ ಬರೆದಿಟ್ಟಿದ್ದಾಳೆ ಮಾರಾಯ್ತಿ. ವಾಪಸ್ ಹೋಗಬೇಕಾದೀತು ಅನ್ನುವಷ್ಟು ಗಾಳಿ. ಕೆರೆ ದಂಡೆಯ ಉದ್ದಕ್ಕೂ ಹೂವು. ಕೆಲವು ಸುಸ್ತಾದವರಂತೆ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದ್ದವು, ಉಳಿದವು ಕುಣಿಯುತ್ತಿದ್ದವು. ರಾತ್ರಿ ತಂಗಿದ ಖಾನಾವಳಿಯಾಕೆಯ ಮುಖ ಹುಳ್ಳಗಿತ್ತು, ಆದರೆ ಅದು ಅವಳ ಸ್ವಭಾವವಂತೆ. ಊಟಕ್ಕೆ ಹಂದಿ ಮಾಂಸ, ಬಟಾಟಿ. ಮೇಲೆ ಬಿಸಿನೀರು ಬೆರೆಸಿದ ರಮ್ಮು.

ಅಣ್ಣ ಎರಡು ವರ್ಷ ಬಿಟ್ಟು ಪದ್ಯ ಬರೆದ, 1807ರಲ್ಲಿ ಅಚ್ಚು ಹಾಕಿಸಿದ. ಕುಣಿತ ಇಟ್ಟುಕೊಂಡ, ಗಾಳಿಯ ಜೋರು ತಗ್ಗಿಸಿದ, ತಂಗಿಯನ್ನು ಕೈಬಿಟ್ಟ. ಅದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಎರಡು ಸಾಲು ಹೆಂಡತಿ ಮೇರಿಯವು ಅಂತ ತಾನೇ ಒಪ್ಪಿಕೊಂಡಿದ್ದಾನೆ. ಮನೆಮಂದಿಯೆಲ್ಲ ಸೇರಿ ಬರೆಸಿದ ಏಕಾಂತ, ಅಲ್ವಾ?

ಷರೀಫರೂ ಕಳಸದ ಗುರು ಗೋವಿಂದಭಟ್ಟರ ಬೆನ್ನು ಹತ್ತಿ ತಿರುಗಿದವರೇ. ಆದರೆ ಗುರುವನ್ನು ಪದದಿಂದ ಹೊರಗಿಡಲಿಲ್ಲ. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಕೋಡಗ, ಕೋಳಿ, ಕಣ್ಣಿಗೆ ಬಿದ್ದದ್ದೆಲ್ಲ ಒಳಗೆ ಬಂತು. ಕೊನೆಗೆ ಅಂಕಿತಕ್ಕೂ ತಮ್ಮೂರ ದೇವರೇ. ಅವತ್ತು ಆ ಗಾಳಿಯಲ್ಲಿ ನಡೆದು ಬಂದವರು ಷರೀಫರಾಗಿದ್ದರೆ ಬಟಾಟಿಯ ಮೇಲೊಂದು, ಆ ಹುಳ್ಳನೆಯ ಮುಖದಾಕೆಯ ಮೇಲೊಂದು ಪದ ಕಟ್ಟಿ ಹಾಡಿಯೇ ಎಲೆ ಬಿಟ್ಟು ಏಳುತ್ತಿದ್ದರು.