ಸತ್ಯಾಂಶ: ಗುಡ್ಡ ಕರಗಿಸುವ ಆ ನೀರು ಹಟ್ಟಿಯದಲ್ಲ

ದಪ್ಪ ಕೊಳವೆಯಿಂದ ನೀರು ಚಿಮ್ಮಿ ಗುಡ್ಡ ಕರಗುತ್ತಿರುವ ಕಪ್ಪು-ಬಿಳುಪು ಫೋಟೊ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹಿಂದಿನವರು ಕೃಷ್ಣಾ ನೀರಿನಿಂದ ಹೀಗೆ ಚಿನ್ನ ತೆಗೆದರು ಎಂಬ ಒಕ್ಕಣೆ. ನಮ್ಮೂರಿನ ಹೆಮ್ಮೆ ಅಂತ ಗ್ರೂಪುಗಳಿಗೆ ಕಳಿಸುವವರೇ ಜಾಸ್ತಿ. ಹೆಮ್ಮೆ ಸರಿ, ಫೋಟೊ ಸರಿಯಿಲ್ಲ.

ಈ ವಿಧಾನ ಹೆಸರಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ 1853ರಿಂದ ಬೆಟ್ಟದ ಹೊಳೆಗಳ ನೀರನ್ನು ಕಾಲುವೆಗಳಲ್ಲಿ, ಮರದ ಹಲಗೆಯ ನಾಲೆಗಳಲ್ಲಿ ಮೈಲಿಗಟ್ಟಲೆ ಹರಿಸಿ ತರುತ್ತಿದ್ದರು. ಎತ್ತರದಿಂದ ಕೊಳವೆಗೆ ಇಳಿಸಿದರೆ ಸಾಕು, ಪಂಪೇ ಬೇಡ. ಬೀಳುವ ರಭಸವೇ ಒತ್ತಡ. ಕರಗಿದ ಮಣ್ಣು ನದಿ ಸೇರಿ ಕೆಳಗಿನ ಹೊಲಗಳಲ್ಲಿ ಹೂಳು ತುಂಬಿತು. ರೈತರು ಕೋರ್ಟಿಗೆ ಹೋದರು. 1884ರಲ್ಲಿ ಹೂಳು ನದಿಗೆ ಬಿಡಬಾರದೆಂದು ತೀರ್ಪು ಬಂತು.

ಇದೆಲ್ಲ ನಡೆಯುವುದು ಸಡಿಲ ಜಲ್ಲಿ-ಮಣ್ಣಿನಲ್ಲಿ. ಹಟ್ಟಿಯ ಚಿನ್ನ ಇರುವುದು ಗಟ್ಟಿ ಬಂಡೆಯೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ. ಅಲ್ಲಿ ಹಿಂದಿನವರು ಬೆಂಕಿಯಿಂದ ಕಲ್ಲು ಕಾಯಿಸಿ, ಬಿರುಕು ಬಿಡಿಸಿ, ನೂರಾರು ಅಡಿ ಇಳಿದಿದ್ದರು. ಅಷ್ಟು ಆಳದಲ್ಲಿ ನೀರು ತರುವ ಚಿಂತೆಯಲ್ಲ, ಹೊರಹಾಕುವ ಚಿಂತೆ! ನನಗಂತೂ ಆ ಫೋಟೊಗಿಂತ ಈ ನಿಜವೇ ದೊಡ್ಡದು.

ನೀವೇ ನೋಡಬಹುದು. ಫೋಟೊದ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಅದನ್ನು ಹಾಕಿ. ಫೋಟೊದ ಹಿನ್ನೆಲೆಯಲ್ಲಿರುವ ಮರಗಳನ್ನು ಗಮನಿಸಿ. ಹಟ್ಟಿ ಇರುವ ಲಿಂಗಸುಗೂರು ಕಡೆ ಪೈನ್ ಕಾಡು ಎಲ್ಲಿದೆ, ಅಲ್ವಾ? ಮ್ಯಾಪಿನಲ್ಲಿ ಎತ್ತರವನ್ನೂ ನೋಡಿ. ಕೃಷ್ಣಾ ಹರಿಯುವುದು ಹಟ್ಟಿಗಿಂತ ತಗ್ಗಿನಲ್ಲಿ, ನೀರು ತಾನಾಗಿ ಮೇಲೇರಿ ಬರುವುದಿಲ್ಲ. ಗ್ರೂಪಿನಲ್ಲಿ ಕಳಿಸಿದವರ ಜೊತೆ ಸುಮ್ನೆ ವಾದ ಬೇಡ, ಮೂಲ ಫೋಟೊದ ಲಿಂಕ್ ಕೊಟ್ಟರೆ ಸಾಕು.