ನಿಮ್ಮೂರಿನ ನದಿ ಯಾವುದು?

ಕಳೆದ ಜುಲೈನಲ್ಲಿ, ಕೆನಡಾದ ರಾಕಿ ಪರ್ವತಗಳ ನಡುವಿನ ಬೋ ಸರೋವರದ ದಡದಲ್ಲಿ, ನಮ್ಮ ಪ್ರವಾಸಿ ಬಸ್ಸಿನ ಗೈಡ್ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದಳು. ನಿಮ್ಮೂರಿನ ನಲ್ಲಿಯಲ್ಲಿ ಬರುವ ನೀರು ಎಲ್ಲಿ ಹುಟ್ಟುತ್ತದೆ? ಹನ್ನೊಂದು ವರ್ಷಗಳಿಂದ ಕ್ಯಾಲ್ಗರಿಯಲ್ಲಿ ನೆಲೆಸಿರುವ ನನಗೆ ಉತ್ತರ ಕಣ್ಣೆದುರೇ ಇತ್ತು. ಸರೋವರದ ಆಚೆ ಬಂಡೆಗಳ ಮೇಲಿರುವ ಬೋ ಹಿಮನದಿಯಿಂದ ಇಳಿದ ನೀರೇ ಆ ಸರೋವರವನ್ನು ತುಂಬಿ, ಬೋ ನದಿಯಾಗಿ ಬ್ಯಾನ್ಫ್ ಪಟ್ಟಣವನ್ನು ಹಾದು, ನಾವು ಕುಡಿಯುವ ನೀರಾಗಿ ಕ್ಯಾಲ್ಗರಿಗೆ ಬರುತ್ತದೆ. ಬೆಂಗಳೂರಿನಿಂದ ಬಂದಿದ್ದ ನಮ್ಮ ತಂದೆಯವರ ಸರದಿ ಬಂದಾಗ ಅವರು ಕಾವೇರಿ ಎಂದರು. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ, ಮೇಲೇರಿಸಿ ತರುತ್ತಾರೆ ಎಂದೂ ವಿವರಿಸಿದರು. "ಹಾಗಾದರೆ ನಿಮ್ಮೂರಿನದೇ ಆದ ನದಿ ಇಲ್ಲವೇ?" ಎಂದು ಆಕೆ ಕೇಳಿದಳು. ಕೇಳಿದ ಧಾಟಿಯಲ್ಲಿ ಕುತೂಹಲವಲ್ಲದೆ ಬೇರೇನೂ ಇರಲಿಲ್ಲ. ಅಪ್ಪ ಸ್ವಲ್ಪ ತಡೆದು, "ಇತ್ತು, ಅರ್ಕಾವತಿ ಅಂತ" ಎಂದರು. ಅದು ಹುಟ್ಟುವ ಜಾಗವನ್ನು ನೋಡಿದ್ದೀರಾ ಎಂಬ ಮರುಪ್ರಶ್ನೆಗೆ ಅವರು ಏನೂ ಹೇಳದೆ, ಮಫ್ಲರನ್ನು ಬಿಗಿಮಾಡಿಕೊಂಡು ನೀರಿನ ಕಡೆಗೆ ತಿರುಗಿ ನಿಂತರು.

ನಮ್ಮ ತಂದೆಯವರು 31 ವರ್ಷ ಬೆಂಗಳೂರಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡಿದವರು. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟುತ್ತದೆಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅಂದು ರಾತ್ರಿ ಹೋಟೆಲಿನ ಕೋಣೆಯಲ್ಲಿ ಅಮ್ಮ ತಂದಿದ್ದ ಅವಲಕ್ಕಿಗೆ ಮೊಸರು ಕಲಸಿಕೊಳ್ಳುತ್ತಾ ಅವರು ಮೆಲ್ಲಗೆ ಹೇಳಿದರು: "ನಲವತ್ತು ಸಲ ನಂದಿಗೆ ಹೋಗಿರಬೇಕು ಕಣೋ. ಸ್ಕೂಲ್ ಮಕ್ಕಳನ್ನ ಬಸ್ ತುಂಬಾ ಕರ್ಕೊಂಡು ಹೋಗಿದೀನಿ. ಟಿಪ್ಪು ಡ್ರಾಪ್ ತೋರಿಸಿದೀನಿ. ನದಿ ತೋರಿಸಿಲ್ಲ." ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು.

ಆ ದಿನದ ಪ್ರವಾಸದ ಬಗ್ಗೆ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಬ್ಯಾನ್ಫ್‌ನಿಂದ ಹೊರಟ ಬಸ್ಸು ಲೇಕ್ ಲೂಯಿಸ್, ಬೋ ಮತ್ತು ಪೇಟೋ ಸರೋವರಗಳನ್ನು ತೋರಿಸಿ, ಮಧ್ಯಾಹ್ನದ ಹೊತ್ತಿಗೆ ಅಥಬಾಸ್ಕಾ ಹಿಮನದಿಯ ಬುಡಕ್ಕೆ ನಮ್ಮನ್ನು ತಲುಪಿಸಿತು. ನಾನು ಆ ದಾರಿಯಲ್ಲಿ ಕಾರಿನಲ್ಲಿ ಅದೆಷ್ಟೋ ಬಾರಿ ಓಡಾಡಿದ್ದೇನೆ. ಅಂದು ಗೈಡ್ ಬಾಯಿಂದ ಕೇಳುವವರೆಗೆ ನನಗೂ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಇಪ್ಪತ್ತೈದರ ಆಸುಪಾಸಿನ ಆ ಹುಡುಗಿ ಲೇಕ್ ಲೂಯಿಸ್‌ನ ದಡದಲ್ಲಿ ಚೀಲದಿಂದ ಒಂದು ಗಾಜಿನ ಜಾಡಿ ತೆಗೆದು, ಅದರಲ್ಲಿದ್ದ ಬೂದುಬಣ್ಣದ ಹಿಟ್ಟನ್ನು ತೋರಿಸಿದಳು. ಹಿಮನದಿ ತನ್ನ ಭಾರದಿಂದ ಜಾರುವಾಗ ಅಡಿಯ ಬಂಡೆಯನ್ನು ಬೀಸುವ ಕಲ್ಲಿನಂತೆ ಅರೆಯುತ್ತದೆ, ಆ ಕಲ್ಲಿನ ಹಿಟ್ಟು ಕರಗುವ ನೀರಿನೊಂದಿಗೆ ಸರೋವರಕ್ಕೆ ಬಂದು ತಳಕ್ಕಿಳಿಯದೆ ತೇಲುತ್ತಿರುತ್ತದೆ, ಅದರ ಮೇಲೆ ಬಿದ್ದ ಬೆಳಕು ಚದುರುವುದರಿಂದ ನೀರು ಹಸಿರು ಬೆರೆತ ನೀಲಿಯಾಗಿ ಕಾಣುತ್ತದೆ ಎಂದು ಹೇಳಿ ಜಾಡಿಗೆ ನೀರು ಹಾಕಿ ಕುಲುಕಿ ಬಿಸಿಲಿಗೆ ಹಿಡಿದಳು. ಅಮ್ಮ ನನ್ನ ತೋಳು ಮುಟ್ಟಿ, "ಅಕ್ಕಿ ತೊಳೆದ ನೀರಿನ ಹಾಗೇ ಇದೆ ನೋಡೋ" ಎಂದರು. ನಾನು ಅದನ್ನು ಅನುವಾದಿಸಿ ಹೇಳಿದೆ. ಗೈಡ್‌ಗೆ ಎಷ್ಟು ಹಿಡಿಸಿತೆಂದರೆ, ಪೇಟೋ ಸರೋವರದಲ್ಲಿ ಎದುರಾದ ಮತ್ತೊಂದು ಗುಂಪಿಗೂ ಆಕೆ ಅಮ್ಮನ ಮಾತನ್ನೇ ಹೇಳಿದಳು.

ಅಥಬಾಸ್ಕಾದಲ್ಲಿ ಕಂಡದ್ದು ಇನ್ನೂ ತೀವ್ರವಾದದ್ದು. ವಾಹನ ನಿಲ್ಲುವ ಜಾಗದಿಂದ ಹಿಮದ ಅಂಚಿನವರೆಗೆ ಕಲ್ಲುಹರಳಿನ ಕಾಲುದಾರಿಯಿದೆ. ದಾರಿಯುದ್ದಕ್ಕೂ ಹಿಮನದಿ ಯಾವ ವರ್ಷ ಎಲ್ಲಿಯವರೆಗೆ ಇತ್ತು ಎಂದು ತಿಳಿಸುವ, ಬರಿಯ ಇಸವಿ ಬರೆದ ಫಲಕಗಳಿವೆ. 19ನೆಯ ಶತಮಾನದ ನಡುವಿನಲ್ಲಿ ಈಗಿನ ಹೆದ್ದಾರಿಯವರೆಗೂ ಹಬ್ಬಿದ್ದ ಹಿಮ ಕಳೆದ ಸುಮಾರು 125 ವರ್ಷಗಳಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಹಿಂದೆ ಸರಿದಿದೆ. 1992 ಎಂಬ ಫಲಕದ ಬಳಿ ಅಪ್ಪ ನಿಂತರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅದು. ಹನುಮಂತನಗರದ ಮನೆಯಲ್ಲಿ ಅಮ್ಮ ನಸುಕಿನಲ್ಲೆದ್ದು ನಲ್ಲಿಗೆ ಕೊಡ ಹಿಡಿಯುತ್ತಿದ್ದ ಕಾಲ. ಅಲ್ಲಿಂದ ಹಿಮದ ಅಂಚು ತಲುಪಲು ನಮಗೆ ಬಹಳ ಹೊತ್ತು ಬೇಕಾಯಿತು. ಆ ನಡಿಗೆಯಲ್ಲಿ ಯಾರೂ ಮಾತಾಡಲಿಲ್ಲ. ಗೈಡ್ ಕೂಡ ಬೇಕೆಂದೇ ಸುಮ್ಮನಿದ್ದಳು. ಕೊನೆಯಲ್ಲಿ ಆಕೆ ಎತ್ತರದ ಹಿಮದ ಗುಮ್ಮಟವೊಂದರ ಕಡೆ ಕೈ ತೋರಿಸಿ, ಸ್ನೋ ಡೋಮ್ ಎಂಬ ಆ ಶಿಖರದಿಂದ ಇಳಿಯುವ ನೀರು ಒಂದು ಕಡೆ ಪೆಸಿಫಿಕ್ ಸಾಗರಕ್ಕೆ, ಇನ್ನೊಂದು ಕಡೆ ಆರ್ಕ್ಟಿಕ್ ಸಾಗರಕ್ಕೆ, ಮತ್ತೊಂದು ಕಡೆ ಹಡ್ಸನ್ ಕೊಲ್ಲಿಗೆ ಹೋಗುತ್ತದೆ ಎಂದು ಹೇಳಿದಳು.

ಒಂದೇ ಬೆಟ್ಟದ ಮೂರು ಇಳಿಜಾರು, ಮೂರು ಕಡಲು. ಅದನ್ನು ಕೇಳುತ್ತಿದ್ದಂತೆ ನನಗೆ ನಂದಿ ನೆನಪಾಯಿತು. ಅರ್ಕಾವತಿ ನಂದಿಯಲ್ಲಿ ಹುಟ್ಟುತ್ತದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಅದರ ಸುತ್ತಣ ಬೆಟ್ಟಸಾಲಿನಲ್ಲಿ ಹುಟ್ಟಿ, ಒಂದು ಆಂಧ್ರದ ಕಡೆಗೂ ಮತ್ತೊಂದು ಹೊಸಕೋಟೆಯನ್ನು ಹಾದು ತಮಿಳುನಾಡಿನ ಕಡೆಗೂ ಹೋಗುತ್ತವೆ. ಕೇಳುಗರನ್ನು ಬೆರಗುಗೊಳಿಸಲು ಇದಕ್ಕಿಂತ ಹೆಚ್ಚೇನು ಬೇಕು? ಹಿಮವಿಲ್ಲ, ಅಷ್ಟೇ.

ಜನವರಿಯಲ್ಲಿ ರಜೆಗೆ ಬೆಂಗಳೂರಿಗೆ ಬಂದಾಗ, ಅಪ್ಪ ಕೇಳಿದ್ದ ಒಂದೇ ಒಂದು ಆಸೆಯಂತೆ, ಒಂದು ದಿನದ ಪ್ರವಾಸದ ವ್ಯಾನಿನಲ್ಲಿ ನಂದಿಬೆಟ್ಟಕ್ಕೆ ಹೋದೆವು. ಸ್ವಂತ ಕಾರಿನಲ್ಲಿ ಬೇಡ, ಗೈಡ್ ಇರುವ ವ್ಯಾನೇ ಆಗಲಿ ಎಂದು ಅಪ್ಪ ಹಟ ಹಿಡಿದಿದ್ದರು. ಟಿಕೆಟಿನಲ್ಲಿಯೂ ಗೈಡ್ ಸಮೇತ ಎಂದೇ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಗಾಂಧಿ ಬಜಾರಿನಲ್ಲಿ ಹತ್ತಿಸಿಕೊಂಡ ವ್ಯಾನು ದೇವನಹಳ್ಳಿಯ ಬಳಿ ಚಹಾಕ್ಕೆ ನಿಂತು, ಕಾರುಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ಕಳೆದು, ಸೂರ್ಯೋದಯಕ್ಕೆ ಸರಿಯಾಗಿ ಮೇಲೆ ತಲುಪಿತು. 1,478 ಮೀಟರ್ ಎತ್ತರದಲ್ಲಿ ಕಾಲಡಿಗೆ ಮೋಡ ಹರಡಿಕೊಂಡಿದ್ದ ಆ ನೋಟ, ರಾಕಿ ಪರ್ವತಗಳನ್ನು ಕಂಡು ಬಂದ ಕಣ್ಣಿಗೂ ಕಡಿಮೆಯೆನಿಸಲಿಲ್ಲ. ಗೈಡ್ ಒಳ್ಳೆಯ ಹುಡುಗ, ಮರ್ಯಾದಸ್ಥ, ಅಮ್ಮನ ಕೈಹಿಡಿದು ಮೆಟ್ಟಿಲು ಹತ್ತಿಸಿದವನು. ಆದರೆ ವ್ಯಾನಿನಿಂದ ಇಳಿಯುವಾಗ ಅವನು ಹೇಳಿದ್ದು ಇಷ್ಟೇ: "ಒಂದೂವರೆ ಗಂಟೆ ಟೈಮ್ ಇದೆ. ಫೋಟೋ ತೆಗೆಸ್ಕೊಂಡು, ತಿಂಡಿ ಮುಗಿಸಿ ಬಂದುಬಿಡಿ. ಆ ಕಡೆ ಟಿಪ್ಪು ಡ್ರಾಪು, ಈ ಕಡೆ ದೇವಸ್ಥಾನ." ಅಪ್ಪ ಅವನನ್ನು ಅರ್ಕಾವತಿಯ ಬಗ್ಗೆ ಕೇಳಿದರು. "ಲೇಔಟಾ ಸಾರ್?" ಎಂದು ಅವನು ಕೇಳಿದ. ಅವನ ತಪ್ಪಲ್ಲ ಅದು. ಅರ್ಕಾವತಿ ಎಂದರೆ ನಿವೇಶನಗಳ ಬಡಾವಣೆಯೆಂದೇ ಅವನು ಹುಟ್ಟಿನಿಂದ ಕೇಳಿಕೊಂಡು ಬಂದಿರಬೇಕು. ಬೆಟ್ಟದ ಮೇಲೆ ಎಲ್ಲೋ ಒಂದು ಫಲಕ ಇದ್ದಿರಲೂಬಹುದು. ಆದರೆ ಅದರ ಮುಂದೆ ನಮ್ಮನ್ನು ನಿಲ್ಲಿಸಿ, ನಿಮ್ಮ ಊರಿನ ಕಥೆ ಇಲ್ಲಿಂದ ಹೊರಡುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಹೇಳಲು ಕಥೆಯೇನು ಸಣ್ಣದೇ? ನಂದಿಯಿಂದ ಇಳಿದು ದೊಡ್ಡಬಳ್ಳಾಪುರದ ಕಡೆ ಹರಿದ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ನಿಲ್ಲಿಸಿ, 1894ರ ಸುಮಾರಿಗೆ ಬೆಂಗಳೂರಿಗೆ ಕೊಳವೆಯಲ್ಲಿ ತಂದರು. ಊರು ಬೆಳೆದು ಅದು ಸಾಲದೆ ಹೋದಾಗ, 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬರುವವರೆಗೆ ಬೆಂಗಳೂರಿನ ನಲ್ಲಿಗಳು ಮುಖ್ಯವಾಗಿ ನೆಚ್ಚಿಕೊಂಡಿದ್ದದ್ದು ಈ ನದಿಯನ್ನೇ. ಅಂದರೆ ನಮ್ಮ ಅಜ್ಜ ಅಜ್ಜಿಯರು ಕುಡಿದದ್ದು ನಂದಿಬೆಟ್ಟದ ನೀರು. ಕಾವೇರಿ ಬಂದ ಮೇಲೆ ನಾವು ಅರ್ಕಾವತಿಯನ್ನು ಕೈಬಿಟ್ಟೆವು. ಅದರ ಕೆರೆಗಳು ಒಣಗಿದವು, ಕೆಳಗಿನ ಹರಿವಿಗೆ ಕೊಳಚೆ ಸೇರಿತು. ಊರೊಳಗಿನ ಕೆರೆಗಳಿಗೂ ಆದದ್ದು ಇದೇ: ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿಗೆ ಜನ ಕಾದು ನಿಂತಾಗ, ಈ ಊರಿಗೂ ಒಂದು ನದಿಯಿತ್ತೆಂದು ಎಷ್ಟು ಜನಕ್ಕೆ ನೆನಪಾಗಿರಬಹುದು? ಪ್ರತಿ ಶನಿವಾರ, ಭಾನುವಾರ ಬೆಂಗಳೂರಿನಿಂದ ಅಷ್ಟೊಂದು ಜನ ತಮ್ಮ ನದಿ ಹುಟ್ಟುವ ಬೆಟ್ಟಕ್ಕೇ ಹೋಗಿ, ನದಿಯ ಹೆಸರೂ ಕೇಳದೆ ತಿರುಗಿ ಬರುತ್ತಾರೆ ಎಂಬುದು ನನಗೆ ಸಹಿಸಲಾಗದ ಸಂಗತಿ. ಹಣವಿಲ್ಲವೆಂಬ ಕಾರಣ ಇಲ್ಲಿ ನಿಲ್ಲುವುದಿಲ್ಲ. ಒಂದು ಜಾಡಿ, ಒಂದು ಪ್ರಶ್ನೆ ಮತ್ತು ಹತ್ತು ನಿಮಿಷದ ಮಾತಿಗೆ ಎಷ್ಟು ಹಣ ಬೇಕು? ಕ್ಯಾಲ್ಗರಿಯ ಒಂಬತ್ತು ವರ್ಷದ ನನ್ನ ಮಗಳು ಬೋ ನದಿಯ ಮೂಲವನ್ನು ಕಣ್ಣಾರೆ ಕಂಡಿದ್ದಾಳೆ. ನನಗೆ ಈ ವಯಸ್ಸಿನಲ್ಲಿಯೂ ಅರ್ಕಾವತಿಯ ಮೂಲವನ್ನು ಕಾಣುವುದಾಗಿಲ್ಲ.

ಅಲ್ಲಿಯದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ, ಹೇಳಲಾರೆ. 1885ರಲ್ಲಿ ಆರಂಭವಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಿಂದ, ತಲೆತಲಾಂತರದಿಂದ ಅಲ್ಲಿ ಬೇಟೆಯಾಡಿ ಬದುಕಿದ್ದ ಸ್ಟೋನಿ ನಕೋಡಾ ಜನರನ್ನು ಮುಂದೆ ಹೊರಗಿಟ್ಟರು. ಸಣ್ಣ ಮೀನುಗಳ ಸರೋವರ ಎಂದು ಅವರು ಕರೆಯುತ್ತಿದ್ದ ನೀರಿಗೆ ವಿಕ್ಟೋರಿಯಾ ರಾಣಿಯ ಮಗಳು ಲೂಯಿಸ್‌ಳ ಹೆಸರು ಕೂತಿತು. ಇಷ್ಟೆಲ್ಲ ಹೇಳಿದ ನಮ್ಮ ಗೈಡ್ ಈ ವಿಷಯವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಳು. ನೀರಿನ ಮೂಲ ಬಲ್ಲ ಊರಿಗೆ ನೀರಿನ ಕಷ್ಟ ಬರುವುದಿಲ್ಲವೆಂದೂ ಅಲ್ಲ. 2024ರ ಜೂನಿನಲ್ಲಿ ಕ್ಯಾಲ್ಗರಿಯ ಮುಖ್ಯ ಕೊಳವೆಯೊಂದು ಒಡೆದಾಗ ನಾವೂ ವಾರಗಟ್ಟಲೆ ನೀರನ್ನು ಅಳೆದು ಬಳಸಿದೆವು. ಅಷ್ಟೇ ಅಲ್ಲ, ಕರಗುತ್ತಿರುವ ಹಿಮನದಿಯನ್ನು ನೋಡಲು ದಿನವಿಡೀ ಡೀಸೆಲ್ ಸುಡುತ್ತಾ ಹೋಗುವವರ ಸಾಲಿನಲ್ಲಿ ನಾನೂ ಇದ್ದೆ. ಆ ಒಂದು ದಿನಕ್ಕೆ ನಾಲ್ವರಿಗೆ ನಾನು ತೆತ್ತ ಹಣದಲ್ಲಿ ಇಲ್ಲಿ ಇಡೀ ತರಗತಿಯ ಮಕ್ಕಳನ್ನು ನಂದಿಗೆ ಕರೆದೊಯ್ಯಬಹುದು ಎಂದು ಅಪ್ಪ ಲೆಕ್ಕ ಹಾಕಿ ತೋರಿಸಿದ್ದಾರೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕಾಗಿದೆ. ಅಥಬಾಸ್ಕಾದ ಅಂಚಿನಲ್ಲಿ ಕರಗಿದ ನೀರು ಸಣ್ಣ ತೊರೆಯಾಗಿ ಹರಿಯುವಲ್ಲಿ ಎಲ್ಲರೂ ಬಾಟಲಿ ತುಂಬಿಸಿಕೊಂಡು ಕುಡಿದರು. ಅಮ್ಮ ಮಾತ್ರ ಬೂಟಿನಿಂದ ಕಾಲು ಹೊರತೆಗೆಯುವಂತಿಲ್ಲವಲ್ಲ ಎಂದು ಪೇಚಾಡಿ, ಗ್ಲೌಸ್ ತೆಗೆದು, ಬೊಗಸೆಯಲ್ಲಿ ನೀರು ಹಿಡಿದು, "ಗಂಗೇ ಚ ಯಮುನೇ ಚೈವ" ಎಂದು ಪೂರ್ತಿ ಹೇಳಿ, ಮೊದಲು ತಲೆಗೆ ಪ್ರೋಕ್ಷಿಸಿಕೊಂಡು ಆಮೇಲೆ ಕುಡಿದರು. ನಮ್ಮ ಬಸ್ಸಿನಲ್ಲಿದ್ದ ಅಷ್ಟೂ ಜನರಲ್ಲಿ ನೀರಿಗೆ ಹೆಸರಿಟ್ಟು ಮಾತಾಡಿಸಿದವರು ಅವರೊಬ್ಬರೇ. ಆ ಶ್ಲೋಕದ ಏಳು ನದಿಗಳಲ್ಲಿ ಅರ್ಕಾವತಿಯಿಲ್ಲ, ನಿಜ. ಆದರೆ ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಿಂತು ನದಿಗಳ ಹೆಸರು ಹೇಳುವ ಅಭ್ಯಾಸ ನಾನು ಕಂಡ ಕ್ಯಾಲ್ಗರಿಯ ಯಾವ ಮನೆಯಲ್ಲಿಯೂ ಇಲ್ಲ, ನನ್ನ ಮನೆಯಲ್ಲಿಯೂ ಈಗ ಉಳಿದಿಲ್ಲ.

ನಂದಿಯಿಂದ ಇಳಿದು ಬರುವಾಗ ವ್ಯಾನು ಭೋಗನಂದೀಶ್ವರನ ಗುಡಿಯ ಮುಂದೆ ಅರ್ಧ ಗಂಟೆ ನಿಂತಿತು. ಹೊರಗೆ ಹೂವು ಮಾರುತ್ತಿದ್ದ ವಯಸ್ಸಾದ ಹೆಂಗಸನ್ನು ಅಪ್ಪ ಸುಮ್ಮನೆ ಕೇಳಿದರು: "ಅರ್ಕಾವತಿ ಎಲ್ಲಿ ಹುಟ್ಟೋದಮ್ಮ?" ಆಕೆ ಸೇವಂತಿಗೆ ಮೊಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸದೆ, ಗಲ್ಲವನ್ನು ಮಾತ್ರ ಬೆಟ್ಟದ ಕಡೆ ಎತ್ತಿ, "ಈ ಕಡೆ ಅಲ್ಲ ಸ್ವಾಮಿ, ಬೆಟ್ಟದಿಂದಾಗಡೆ. ಮಳೆ ಬಿದ್ರೆ ಹಳ್ಳ ಇಳೀತದೆ ದೊಡ್ಡಬಳ್ಳಾಪುರದ ಕಡೀಕೆ. ಈಗ ಹೋದ್ರೆ ಬರೀ ಕಲ್ಲು" ಎಂದಳು. ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ವ್ಯಾನಿನ ಹಾರನ್ ಕೇಳಿಸಿತು.

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ, ತಮ್ಮ ಹಳೆಯ ವಿದ್ಯಾರ್ಥಿಗಳಿಬ್ಬರ ಜೊತೆ ಬೆಟ್ಟದ ಹಿಂದಿನ ಆ ಹಳ್ಳ ನೋಡಲು ಹೋಗುವುದಾಗಿ ಅಪ್ಪ ಮೊನ್ನೆ ಫೋನಿನಲ್ಲಿ ಹೇಳಿದರು. ಬರುವಾಗ ಒಂದು ಸಣ್ಣ ಬಾಟಲಿಯಲ್ಲಿ ನೀರು ತರಬೇಕೆಂದು ಅಮ್ಮ ಈಗಲೇ ತಾಕೀತು ಮಾಡಿದ್ದಾರಂತೆ. ಅಥಬಾಸ್ಕಾದಿಂದ ಕೊಂಡೊಯ್ದ ಬಾಟಲಿ ಹನುಮಂತನಗರದ ದೇವರ ಮನೆಯಲ್ಲಿ, ಗಂಗೆಯ ತಂಬಿಗೆಯ ಬಲಗಡೆಗಿದೆ. ಎಡಗಡೆ ಜಾಗ ಬಿಟ್ಟಿದ್ದಾರೆ.