ಹಾಲ್ ಬುಕ್ಕಿಂಗ್ ಫಾರ್ಮಿನಲ್ಲಿ ಕಿಡಿಗೂ ಒಂದು ಸಾಲಿರಲಿ

ಮಂಗಳೂರಿನಲ್ಲಿ ಈಗ ಮೆಹಂದಿ ಇರಲಿ, ಕ್ರಿಶ್ಚಿಯನ್ನರ ರೋಸ್ ಶಾಸ್ತ್ರ ಇರಲಿ, ರಿಸೆಪ್ಶನ್ ಇರಲಿ, ಮದುಮಕ್ಕಳು ಬರುವಾಗ ಎರಡೂ ಕಡೆ ಕಿಡಿ ಚಿಮ್ಮಲೇಬೇಕು. ಇಲ್ಲದಿದ್ದರೆ "ಎಂಥದ್ದೂ ಗ್ರ್ಯಾಂಡ್ ಇಲ್ಲ ಮಾರಾಯ್ರೆ" ಅಂತ ಊಟದ ಪಂಕ್ತಿಯಲ್ಲೇ ಮಾತು ಶುರು. ನನಗೂ ನೋಡಲು ಇಷ್ಟವೇ. ಫೋಟೊ ಚೆನ್ನಾಗಿ ಬರುತ್ತದೆ, ಸುಳ್ಳೇಕೆ?

ಆದರೆ ಹಾಲ್ ಬುಕ್ ಮಾಡುವಾಗ ಕೊಡುವ ಫಾರ್ಮ್ ಒಮ್ಮೆ ಓದಿ. ನಾನ್‌ವೆಜ್ ಮಾಡಬಾರದು, ಕುಡಿದು ಬರಬಾರದು, ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ 10ಕ್ಕೆ ಮೈಕ್ ಬಂದ್. ಕಿಡಿಯ ಬಗ್ಗೆ? ನಾನು ನೋಡಿದ ಫಾರ್ಮುಗಳಲ್ಲಿ ಒಂದು ಸಾಲೂ ಇಲ್ಲ.

"ಅದು ಕೋಲ್ಡ್ ಪೈರೋ ಸರ್, ತಣ್ಣನೆ ಕಿಡಿ, ಏನೂ ಆಗಲ್ಲ" ಅಂತಾರೆ ಕಿಡಿ ಹಾರಿಸುವ ಹುಡುಗರು. ಆ ಹೆಸರಲ್ಲಿ ಎರಡು ಬೇರೆ ಬೇರೆ ಸಾಮಾನು ಓಡಾಡುತ್ತಿವೆ. ಒಂದು, ರಿಮೋಟ್ ಒತ್ತಿದರೆ ಹತ್ತುವ ಸಣ್ಣ ಕೊಳವೆ. ಅದು ಪಟಾಕಿಯ ತಮ್ಮನೇ. ಇನ್ನೊಂದು ಕರೆಂಟಿನ ಪೆಟ್ಟಿಗೆ. ಒಳಗೆ ಟೈಟಾನಿಯಂ, ಜಿರ್ಕೋನಿಯಂನಂಥ ಲೋಹದ ಪುಡಿ ಹಾಕುತ್ತಾರೆ. ಹೀಟರ್ ಅದನ್ನು ಕಾಯಿಸುತ್ತದೆ, ಫ್ಯಾನ್ ಮೇಲಕ್ಕೆ ಊದುತ್ತದೆ. ಒಂದೊಂದು ಕಣವೂ ತೀರಾ ಸಣ್ಣದು, ಗಾಳಿಯಲ್ಲೇ ಬೇಗ ತಣಿಯುತ್ತದೆ. ಅದಕ್ಕೇ ಆಪರೇಟರ್ ತುದಿಯ ಕಿಡಿಗೆ ಕೈ ಒಡ್ಡಿ ತೋರಿಸುತ್ತಾನೆ. ಅದೇ ಕೈಯನ್ನು ಪೆಟ್ಟಿಗೆಯ ಬಾಯಿಯ ಹತ್ತಿರ ಇಡಲಿ ನೋಡೋಣ! ಅಲ್ಲಿ ಉರಿಯುತ್ತಿರುವುದು ಲೋಹ.

ಆ ಪುಡಿಗೆ ಬೆಂಕಿ ಹಿಡಿದರೆ ನೀರು ಹಾಕುವಂತಿಲ್ಲ. ಹಾಕಿದರೆ ಉರಿ ಜಾಸ್ತಿಯಾಗುತ್ತದೆ. ಗೋಡೆಯಲ್ಲಿ ನೇತಾಡುವ, ಬೆಂಕಿ ಆರಿಸುವ ಮಾಮೂಲಿ ಸಿಲಿಂಡರನ್ನೂ ನಂಬುವಂತಿಲ್ಲ. ಲೋಹದ ಬೆಂಕಿ ಆರಿಸಲು ಅದಕ್ಕೆಂದೇ ಇರುವ ಡಿ ಕ್ಲಾಸ್ ಪುಡಿಯೇ ಬೇಕು, ಇಲ್ಲವೇ ಚೆನ್ನಾಗಿ ಒಣಗಿದ ಮರಳು. ಯಾವ ಸ್ಟೇಜಿನ ಪಕ್ಕ ಮರಳಿನ ಬಕೆಟ್ ನೋಡಿದ್ದೀರಿ?

ಮೊನ್ನೆ ಒಂದು ರಿಸೆಪ್ಶನ್‌ನಲ್ಲಿ ಪೆಟ್ಟಿಗೆ ಇಟ್ಟಿದ್ದು ಥರ್ಮೋಕೋಲ್ ಕಮಾನಿನ ಬುಡದಲ್ಲಿ. ಒಂದು ಗೇಣು ಜಾಗ ಬಿಟ್ಟಿರಬಹುದು. ಮೇಲೆ ಇಳಿಬಿಟ್ಟ ನೆಟ್ ಬಟ್ಟೆ, ಕೆಳಗೆ ಕಾರ್ಪೆಟ್, ನಡುವೆ ಪೆಟ್ಟಿಗೆಯತ್ತ ಇಣುಕುತ್ತಿದ್ದ ಐದಾರು ಮಕ್ಕಳು. ಎಲ್ಲ ಮುಗಿದ ಮೇಲೆ ಕಾರ್ಪೆಟ್ ನೋಡಿದೆ. ಸಾಸಿವೆಯಷ್ಟು ಸಣ್ಣ ಸಣ್ಣ ತೂತುಗಳು, ಅಂಚು ಕರಗಿ ಗಟ್ಟಿಯಾಗಿತ್ತು. ಡಿಜೆಯವರನ್ನು ಕೇಳಿದರೆ ಇವೆಂಟ್‌ನವರು ಇಟ್ಟದ್ದು ಅಂದರು. ಇವೆಂಟ್‌ನವರು ಡೆಕೊರೇಶನ್‌ನವರತ್ತ ಕೈ ತೋರಿಸಿದರು. ಮ್ಯಾನೇಜರ್ "ನಾವು ಹಾಲ್ ಮಾತ್ರ ಕೊಡೋದು" ಅಂದರು.

ಇಲ್ಲೇ ನನ್ನ ತಕರಾರು. 2023ರ ಸೆಪ್ಟೆಂಬರ್‌ನಲ್ಲಿ ಇರಾಕ್‌ನ ಒಂದು ಮದುವೆ ಹಾಲ್‌ನಲ್ಲಿ ಇಂಥದೇ ಕಿಡಿ ಸೀಲಿಂಗಿಗೆ ಹತ್ತಿ ನೂರಕ್ಕೂ ಜಾಸ್ತಿ ಜನ ಸತ್ತರು. 2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾ ನೈಟ್‌ಕ್ಲಬ್ಬಿನ ಬೆಂಕಿಗೆ 25 ಜೀವ ಹೋಯಿತು. ಅಲ್ಲೂ ಒಳಗೆ ಹಚ್ಚಿದ ಪಟಾಕಿಯ ಮಾತೇ ಬಂತು. ಗೋವಾ ನಮಗೇನು ದೂರವಾ?

"ಬೆಂಕಿ ನಮಗೆ ಹೊಸತಾ? ಕಟೀಲಿನ ಜಾತ್ರೆಯಲ್ಲಿ ಉರಿಯುವ ಗರಿ ಎಸೆದಾಡುವ ತೂಟೆದಾರ ನೋಡಿಲ್ವಾ, ಯಕ್ಷಗಾನದಲ್ಲಿ ಮಹಿಷಾಸುರ ದೊಂದಿ ಹಿಡಿದು ಬರಲ್ವಾ?" ಅಂತ ಗೆಳೆಯರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ತೂಟೆದಾರ ನಡೆಯುವುದು ಬಯಲಲ್ಲಿ. ಆಡುವವರು ಅತ್ತೂರು, ಕೊಡೆತ್ತೂರಿನವರು, ವ್ರತ ಹಿಡಿದವರು. ಮಹಿಷಾಸುರ ಬರುವಾಗ ಜನರೇ ಮಕ್ಕಳನ್ನು ಎಳೆದುಕೊಂಡು ದಾರಿ ಬಿಡುತ್ತಾರೆ. ಅದು ಬೆಂಕಿ ಅಂತ ಎಲ್ಲರಿಗೂ ಗೊತ್ತು. ಏಸಿ ಹಾಲ್‌ನಲ್ಲಿ ಯಾರೂ ಹಿಂದೆ ಸರಿಯಲ್ಲ, ಮೊಬೈಲ್ ಹಿಡಿದು ಇನ್ನೂ ಹತ್ತಿರ ಹೋಗುತ್ತಾರೆ.

ಮೆಷಿನ್ ಬ್ಯಾನ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಬ್ಯಾನ್ ಆದರೆ ಕದ್ದು ತರುತ್ತಾರೆ, ಅಷ್ಟೇ. ದೀಪಾವಳಿಗೆ ಪಟಾಕಿ ಅಂಗಡಿ ಇಡಲು ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಜನರೆದುರು ಸಿಡಿಸುವ ಪೈರೋಗೆ ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 1126 ಅಂತ ನಿಯಮವೇ ಇದೆ, ಕನಿಷ್ಠ 15 ಅಡಿ ದೂರ ಕೇಳುತ್ತದೆ. ನಮ್ಮಲ್ಲಿ ಜವಾಬ್ದಾರಿ ಹಾಲ್‌ನವರ ಮೇಲೇ ಬೀಳಬೇಕು. ಸಂಜೆಗೊಬ್ಬ ಡಿಜೆ ಬದಲಾಗುತ್ತಾನೆ, ಹಾಲ್ ಅಲ್ಲೇ ಇರುತ್ತದೆ. ಆಪರೇಟರ್ ಹೆಸರು, ಫೋನ್ ನಂಬರ್ ಫಾರ್ಮಿನಲ್ಲಿ ಬರೆಸಿಕೊಳ್ಳಲಿ. ಪೆಟ್ಟಿಗೆಯ ಸುತ್ತ ಹಗ್ಗ ಕಟ್ಟಿಸಲಿ. ಮೇಲೆ ಬಟ್ಟೆ ಇದ್ದರೆ ಕಿಡಿ ಬೇಡ ಅನ್ನಲಿ. ಹಾಲ್‌ಗೆ ಲೈಸೆನ್ಸ್ ಕೊಡುವವರು ಇಷ್ಟನ್ನು ಷರತ್ತು ಮಾಡಲು ಏನು ಕಷ್ಟ?

ಅದಾಗುವವರೆಗೆ ಮದುವೆ ಮನೆಯವರೇ ಅಡ್ವಾನ್ಸ್ ಕೊಡುವ ಮೊದಲು ಎರಡು ಮಾತು ಕೇಳಿ: ಸೀಲಿಂಗ್ ಯಾವುದರದ್ದು, ಮತ್ತು ಹಿಂದಿನ ಬಾಗಿಲಿನ ಕೀ ಆ ರಾತ್ರಿ ಯಾರ ಹತ್ತಿರ ಇರುತ್ತದೆ.